ಹದಿನೇಳನೆಯ ನಂಬರಿನ ಸೇವಂತಿಗೆ

"ಸಾವ್ಕಾರ್ರ, ಹೆಣ ಈ ಕಡೆ ಐತ್ರಿ."

ಹಿತ್ತಲಿನ ಮುಳ್ಳುಬೇಲಿಗೆ ಅಡ್ಡವಿಟ್ಟಿದ್ದ ತಡಿಕೆಯನ್ನು ಅರ್ಧ ಸರಿಸಿದ್ದ ಧರೆಪ್ಪನ ಕೈ ಅಲ್ಲೇ ನಿಂತಿತು. ತಿರುಗಿ ನೋಡಿದರೆ ಹಾಲಸಿದ್ದ, ಸತ್ತ ಜಕ್ಕಪ್ಪನ ತಮ್ಮ. ಕುಣಿ ತೋಡಲು ಆಳು ಹಚ್ಚಿ ಬಂದವನ ಮೊಣಕಾಲಿನವರೆಗೂ ಕರಿಮಣ್ಣು ಮೆತ್ತಿತ್ತು.

"ಗೊತ್ತೈತೋ. ಬಾಯಿ ಆರಿತ್ತು, ನೀರ ನೋಡಾಕತ್ತಿದ್ದೆ."

"ನೀರಿನ ಕೊಡ ಬಾಗಲದಾಗ ಐತ್ರಿ. ಅದನ್ನ ದಾಟೇ ಬಂದೀರಿ ನೀವು."

ಮಾತಿನಲ್ಲಿ ಮರ್ಯಾದೆಗೆ ಕೊರತೆಯಿರಲಿಲ್ಲ, ಇದ್ದರೆ ಕಣ್ಣಿನಲ್ಲಿತ್ತು. ಧರೆಪ್ಪ ತಡಿಕೆಯನ್ನು ಮೊದಲಿನಂತೆ ಎಳೆದಿಟ್ಟು, ಧೋತರದ ಚುಂಗನ್ನು ಎತ್ತಿ ಹಿಡಿದು, ಮುಂದಿನ ಅಂಗಳಕ್ಕೆ ಬಂದು ಜನರ ನಡುವೆ ಕುಳಿತ.

ಹಾರೂಗೇರಿಯ ಹೊರಗೆ, ಕಾಲುವೆಯ ದಂಡೆಯ ಮೇಲೆ, ಎಂಟು ಗುಂಟೆ ನೆಲದಲ್ಲಿ ಜಕ್ಕಪ್ಪನ ಮನೆ. ಅದರ ಬೇಲಿಗೆ ತಾಗಿಯೇ ಧರೆಪ್ಪನ ದ್ರಾಕ್ಷಿಯ ತೋಟ. ಇಬ್ಬರಿಗೂ ಅರವತ್ತರ ಆಸುಪಾಸಿನ ವಯಸ್ಸು; ಬೇಲಿ ಒಂದೇ; ಆದರೂ ಧರೆಪ್ಪ ಈ ಅಂಗಳಕ್ಕೆ ಕಾಲಿಟ್ಟದ್ದು ಇದೇ ಮೊದಲು. ವರ್ಷವೆಲ್ಲ ಆಡು-ಕುರಿ ಕಾಯುತ್ತ, ಜನವರಿಯಲ್ಲಿ ಮೂರು ದಿನ ಹೂವಿನ ಪ್ರದರ್ಶನದ ಕುಂಡಗಳಿಗೆ ನೀರು ಹಾಕುತ್ತಿದ್ದ ಮನುಷ್ಯನ ಸಾವಿಗೆ, ದ್ರಾಕ್ಷಿ, ಕಬ್ಬಿನ ತೋಟಗಳ ಒಡೆಯ ಎಲ್ಲರಿಗಿಂತ ಮೊದಲು ಬಂದು ಕುಳಿತದ್ದೇಕೆ? ಅಂಗಳದಲ್ಲಿದ್ದವರೆಲ್ಲ ಅದನ್ನೇ ಯೋಚಿಸುತ್ತಿದ್ದರು. ಹಾಲಸಿದ್ದನಂತೂ ಉತ್ತರವನ್ನು ಕಂಡುಕೊಂಡೇ ಬಿಟ್ಟಿದ್ದ. ದಿಗ್ಗೇವಾಡಿಯಿಂದ ಬಂದ ಬೀಗರ ಕಿವಿಯಲ್ಲಿ ಅವನು ಹೇಳಿದ್ದು ಧರೆಪ್ಪನಿಗೂ ಕೇಳಿಸಿತು: "ಎಂಟ ಗುಂಟೆ ಮ್ಯಾಲ ಕಣ್ಣ ಬಿದ್ದೈತಿ. ಹೆಣ ಏಳೂತನಕಾ ತಡೀವಲ್ಲ, ಅಳತಿ ಮಾಡಾಕ ಹೊಂಟಿದ್ದ."

ಧರೆಪ್ಪ ಹುಡುಕುತ್ತಿದ್ದುದು ನೆಲವನ್ನಲ್ಲ, ಒಂದು ಗಿಡವನ್ನು. ಆ ಹಿತ್ತಲಿನಲ್ಲೇನಾದರೂ ಬಿಳಿಯ, ನಡುವೆ ಬೆಣ್ಣೆಯ ಬಣ್ಣವಿರುವ ಸೇವಂತಿಗೆ ಅರಳಿ ನಿಂತಿದ್ದರೆ, ಮಣ್ಣಿಗೆಂದು ಬರುವ ಊರಿನ ಹೂಗಾರಿಕೆಯ ಗಂಡಸರೆಲ್ಲ ಒಂದೇ ನೋಟಕ್ಕೆ ಗುರುತಿಸುತ್ತಾರೆ. ಹನ್ನೊಂದು ವರ್ಷ ಒಂದೇ ಸಮನೆ ತನ್ನ ಪಡಸಾಲೆಯ ಗೋಡೆಯನ್ನು ಬಿಟ್ಟು ಕದಲದ, ಪ್ರದರ್ಶನದ ಮೊದಲ ಬಹುಮಾನದ ಬೆಳ್ಳಿಯ ಢಾಲು ಯಾರ ಹೂವಿಗೆ ಸಿಕ್ಕದ್ದೆಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ನಾಳೆ ಪ್ರದರ್ಶನ, ಮೂವತ್ತಾರನೆಯದು. ಕುಂಡ ಒಪ್ಪಿಸಲು ಇಂದು ಸಂಜೆ ಐದರವರೆಗೆ ಸಮಯ. ಹನ್ನೆರಡನೆಯ ಬಾರಿಗೆ ಗೆಲ್ಲಬೇಕಾದ ಗಿಡ ಅವನ ಮನೆಯ ಕಟ್ಟೆಯ ಮೇಲೆ, ಒದ್ದೆ ಬಟ್ಟೆಯ ನೆರಳಿನಲ್ಲಿ ಸಿದ್ಧವಾಗಿತ್ತು.

ಗೋಡೆಗೆ ಒರಗಿಸಿದ್ದ ಜಕ್ಕಪ್ಪನ ಹಣೆಗೆ ಅರಿಶಿನದ ಭಂಡಾರ ಹಚ್ಚಿದ್ದರು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಧರೆಪ್ಪ ಅತ್ತ ನೋಡಲಿಲ್ಲ.

* * *

ಹಾರೂಗೇರಿಯ ಫಲಪುಷ್ಪ ಪ್ರದರ್ಶನಕ್ಕೆ ಒಂದು ಕಟ್ಟುಪಾಡು ಇತ್ತು. ಕುಂಡಗಳು ಹಿಂದಿನ ದಿನ ಸಂಜೆಯೊಳಗೆ ಶಾಲೆಯ ದೊಡ್ಡ ಕೋಣೆಗೆ ಬರಬೇಕು. ಪ್ರತಿಯೊಂದಕ್ಕೂ ನಂಬರಿನ ಚೀಟಿ ಅಂಟುತ್ತದೆ. ಬೆಳೆದವನ ಹೆಸರು ಕಾರ್ಯದರ್ಶಿ ಕಾಕಾಸಾಹೇಬರ ಕಿಸೆಯಲ್ಲಿ ಮಡಚಿ ಕೂರುತ್ತದೆ. ಆಮೇಲೆ ಆ ಕುಂಡಗಳನ್ನು ಮುಟ್ಟುವ ಅಧಿಕಾರ ಒಬ್ಬನಿಗೇ, ನೀರಿನ ಝಾರಿ ಹಿಡಿದ ಜಕ್ಕಪ್ಪನಿಗೆ. ನಿಪ್ಪಾಣಿಯಿಂದಲೂ ಅಥಣಿಯಿಂದಲೂ ಬರುವ ಪರೀಕ್ಷಕರು ನಂಬರು ನೋಡಿ ಹೂವನ್ನು ತೂಗಬೇಕೇ ಹೊರತು ಮನೆತನ ನೋಡಿ ಅಲ್ಲ ಎಂಬುದು ಇದರ ಹಿಂದಿನ ಲೆಕ್ಕಾಚಾರ.

೧೯೮೨ರ ಜನವರಿಯಲ್ಲಿ ಧರೆಪ್ಪನ ಕುಂಡಕ್ಕೆ ಹದಿನೇಳನೆಯ ನಂಬರು ಬಿದ್ದಿತ್ತು. ಅದಕ್ಕೆ ಮೊದಲು ಒಂಬತ್ತು ವರ್ಷ ಅವನು ಹೂವಿಟ್ಟಿದ್ದ. ಒಂಬತ್ತು ವರ್ಷವೂ ಬರಿಗೈಯಲ್ಲಿ ಮರಳಿದ್ದ. ಆ ಬೆಳಿಗ್ಗೆ, ಪರೀಕ್ಷಕರು ಬರುವ ಮೊದಲೇ, ಅವನು ಕಿಟಕಿಯ ಸರಳುಗಳ ನಡುವಿನಿಂದ ಒಳಗೆ ಇಣುಕಿದ.

ಕುಂಡ ತನ್ನದೇ. ಅಂಚಿನಲ್ಲಿ ಚಕ್ಕೆ ಎದ್ದ ಗುರುತೂ ಇತ್ತು. ಆದರೆ ಅದರೊಳಗಿನ ಗಿಡ ತನ್ನದಲ್ಲ. ಅವನು ಊರುಗೋಲಿಗೆ ಬಾಳೆಯ ನಾರು ಕಟ್ಟಿದ್ದ. ಇಲ್ಲಿ ಕುರಿಗಾರರು ಹೊಸೆಯುವ ಕರಿಯ ಉಣ್ಣೆಯ ದಾರವಿತ್ತು. ಅವನ ಹೂವು ಅಂಗೈಯಷ್ಟಿತ್ತು. ಇದು ಊಟದ ಬಟ್ಟಲಿನಷ್ಟಿತ್ತು. ಎಸಳುಗಳು ಒಂದರ ಮೇಲೊಂದು ಒಳಮುಖವಾಗಿ ಬಾಗಿ, ನಡುವಿನ ಬೆಣ್ಣೆಬಣ್ಣವನ್ನು ಮುಚ್ಚಿಟ್ಟುಕೊಂಡಂತೆ ನಿಂತಿದ್ದವು.

ಹೇಳುವುದಕ್ಕೆ ಅವನಿಗೆ ಎರಡು ತಾಸು ಸಮಯವಿತ್ತು. ಹೇಳಲಿಲ್ಲ. ಪರೀಕ್ಷಕರು ಹದಿನೇಳರ ಮುಂದೆ ನಿಂತವರು ಮುಂದಕ್ಕೆ ಸರಿಯಲಿಲ್ಲ. ಕಾಕಾಸಾಹೇಬರು ಚೀಟಿ ಬಿಚ್ಚಿ ಹೆಸರು ಓದಿದಾಗ ಜನ ಚಪ್ಪಾಳೆ ತಟ್ಟಿದರು. ಢಾಲು ಹಿಡಿದು ಹೊರಬರುವಾಗ ಬಾಗಿಲಲ್ಲಿ ಜಕ್ಕಪ್ಪ ನಿಂತಿದ್ದ. ಧರೆಪ್ಪನನ್ನು ಕಂಡವನೇ ಎರಡೂ ಕೈ ಎತ್ತಿ ಮುಗಿದ.

ಇವನಿಗೆ ಏನೋ ಬೇಕಾಗಿದೆ ಎಂದುಕೊಂಡ ಧರೆಪ್ಪ. ಇಂದಲ್ಲ ನಾಳೆ ಬಂದು ಕೇಳುತ್ತಾನೆ.

ಜಕ್ಕಪ್ಪ ಬರಲಿಲ್ಲ, ಆ ವರ್ಷವೂ ಇಲ್ಲ, ಮರುವರ್ಷವೂ ಇಲ್ಲ. ಏನನ್ನೂ ಕೇಳದ ಮನುಷ್ಯನ ಮೇಲೆ ಧರೆಪ್ಪನ ಸಂಶಯ ಇನ್ನಷ್ಟು ಬಲಿಯಿತು.

* * *

"ಅರೇ ದೇವಾ! ಧರೆಪ್ಪಣ್ಣಾ, ನೀವೂ ಬಂದೀರಿ?"

ಕಾಕಾಸಾಹೇಬರು ಪ್ರದರ್ಶನ ಸಮಿತಿಯ ಪರವಾಗಿ ಚೆಂಡುಹೂವಿನ ಮಾಲೆ ತಂದಿದ್ದರು. ಅದನ್ನು ಹೆಣಕ್ಕೆ ಹಾಕಿ, ಕೈಮುಗಿದು, ಬಂದು ಧರೆಪ್ಪನ ಪಕ್ಕದಲ್ಲಿ ಕುಳಿತರು. ಮುಖದಲ್ಲಿ ದುಃಖವೂ ಇತ್ತು, ಅದರ ಬೆನ್ನಿಗೇ ಕೆಲಸದ ಚಿಂತೆಯೂ ಇತ್ತು.

"ಬರೋಬ್ಬರ ಪ್ರದರ್ಶನ ಎರಡ ದಿನಾ ಇರೂದ್ರಾಗ ಹೋದ ನೋಡ್ರಿ. ನಿನ್ನೆ ಮಧ್ಯಾನ್ಹ ಝಾರಿ ತೊಳದ ಇಟ್ಟಾನ, ಎದಿ ಹಿಡಕೊಂಡ ಕುಂತಾನ, ಆತು. ಈಗ ನೂರಾ ನಲವತ್ತ ಕುಂಡಕ್ಕ ನೀರ ಯಾರ ಹಾಕೋರು?"

"ನೀವ ಹಾಕ್ರಿ," ಎಂದ ಮೂಲೆಯಲ್ಲಿ ಕುಳಿತ ಒಬ್ಬ ಬೀಗ. "ಕೈ ಬರೇ ಚೀಟಿ ಹಿಡದ ಹಿಡದ ಸವದಾವ."

ಒಂದಿಬ್ಬರು ನಕ್ಕು, ಹೆಣದ ನೆನಪಾಗಿ ಬಾಯಿ ಮುಚ್ಚಿಕೊಂಡರು.

"ಚೇಷ್ಟಾ ಬ್ಯಾಡಪಾ," ಎಂದರು ಕಾಕಾಸಾಹೇಬರು. ಆಮೇಲೆ ದನಿ ತಗ್ಗಿಸಿ, "ಧರೆಪ್ಪಣ್ಣಾ, ಹೂ ಹೆಂಗ ಬಂದೈತಿ ಈ ಸಲ?"

"ಬಂದೈತಿ."

"ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಒಂದ, ಒಂದೇ ಒಂದ ಮರಿ ಯಾರಿಗರೆ ಕೊಡ್ರೆಲಾ. ಮಂದಿ ಏನೇನೋ ಅಂತಾರ. ಹೂ ಮಿರಜಿಯಿಂದ ತರತಾನ ಅಂತಾರ, ಬುಡಕ್ಕ ಔಷಧ ಹಾಕತಾನ ಅಂತಾರ."

ಹೂವು ಅರಳುವ ಹೊತ್ತಿಗೆ ಸೇವಂತಿಗೆಯ ಬುಡದಲ್ಲಿ ಮರಿಗಳು ಏಳುತ್ತವೆ. ಅವನ್ನು ಕಿತ್ತು ನೆಟ್ಟರೆ ಮರುವರ್ಷಕ್ಕೆ ಅದೇ ಹೂವು. ಧರೆಪ್ಪ ತನಗೆ ಬೇಕಾದ ನಾಲ್ಕನ್ನು ಇಟ್ಟುಕೊಂಡು ಉಳಿದುದನ್ನೆಲ್ಲ ತನ್ನ ಕೈಯಾರೆ ಎಮ್ಮೆಯ ಗೋದಲಿಗೆ ಹಾಕುತ್ತಿದ್ದ. ತಿಂದು ಮುಗಿಯುವವರೆಗೆ ನಿಂತು ನೋಡುತ್ತಿದ್ದ.

* * *

ಐದು ವರ್ಷ ಕಳೆದ ಮೇಲೆ ಒಮ್ಮೆ ಅವನು ಜಕ್ಕಪ್ಪನನ್ನು ಪರೀಕ್ಷಿಸಿದ್ದ. ಮೂರನೆಯ ಎಲೆಯ ತೊಟ್ಟಿಗೆ ಎಮ್ಮೆಯ ಬಾಲದ ಕೂದಲೊಂದನ್ನು, ಯಾರಿಗೂ ಕಾಣದಂತೆ, ಗಂಟು ಹಾಕಿ ಕುಂಡ ಒಪ್ಪಿಸಿದ. ಮರುದಿನ ಕೂದಲು ಇದ್ದಲ್ಲೇ ಇತ್ತು. ಗಿಡ ತನ್ನದೇ, ತಾನೇ ನೆಟ್ಟು, ತಾನೇ ಬೆಳೆಸಿದ್ದು. ಅಂದಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಗಿಡ ಬದಲಿಸುವುದನ್ನು ಬಿಟ್ಟು ಈಗ ಪರೀಕ್ಷಕರ ಕಿವಿಯನ್ನೇ ಹಿಡಿದಿದ್ದಾನೆ ಎಂದುಕೊಂಡ.

ಅದೇ ಬೆಳಿಗ್ಗೆ ಜಕ್ಕಪ್ಪ ಆ ಹೂವಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಹೆಬ್ಬೆರಳು, ಕಿರುಬೆರಳು ಚಾಚಿ, ಎಸಳಿಗೆ ತಾಗದಂತೆ, ಗಾಳಿಯಲ್ಲೇ ಗೇಣು ಹಾಕುತ್ತಿದ್ದ.

"ಏನ ಮಾಡಾಕತ್ತೀಯೋ?"

ಜಕ್ಕಪ್ಪ ಎದ್ದು ನಿಂತ. "ಏನಿಲ್ರಿ. ನೋಡಾಕತ್ತಿದ್ದೆ."

"ನೀರ ಹಾಕೂದ ನಿನ್ನ ಕೆಲಸ. ನೋಡೂದಲ್ಲ."

"ಹೌದ್ರಿ. ಆದ್ರ ನಿಮ್ಮ ಕುಂಡಕ್ಕ ನಾ ನೀರ ಹಾಕೂದಿಲ್ರಿ. ಅದೊಂದಕ್ಕ ಕಾಕಾಸಾಹೇಬ್ರ ಹಾಕತಾರ."

"ಯಾಕ?"

ಜಕ್ಕಪ್ಪ ಮತ್ತೆ ಕೈಮುಗಿದ. ಧರೆಪ್ಪ ಮನೆಗೆ ಬಂದವನು ಹೆಂಡತಿ ಕಸ್ತೂರೆವ್ವನಿಗೆ, "ಆ ಕುರಿ ಕಾಯಾಂವ ಭಾಳ ಪಾಕಡಾ ಅದಾನ," ಎಂದಷ್ಟೇ ಹೇಳಿದ.

* * *

ಮಧ್ಯಾಹ್ನದ ಹೊತ್ತಿಗೆ ಗಂಡಸರು ಹೆಣವನ್ನು ಸ್ನಾನಕ್ಕೆ ಎತ್ತಿದರು. ಆಗಲೇ ಹಿತ್ತಲಿನಿಂದ ಆಡುಗಳು ಒಂದೇ ಸಮನೆ ಒದರತೊಡಗಿದವು. ಸತ್ತವನ ಹೆಂಡತಿ ತಾರವ್ವ ಎದ್ದಳು.

"ಎಲ್ಲಿಗಿ ಹೊಂಟಿ ಬೇ? ಕುಂಡರ," ಎಂದಳು ಪಕ್ಕದ ಹೆಂಗಸು.

"ಅವಕ್ಕೇನ ಗೊತ್ತ? ನಿನ್ನೆಯಿಂದ ಹಸದಾವ."

ತಾರವ್ವ ಕಬ್ಬಿನ ಹಸಿ ಸೋಗೆಯ ಹೊರೆಯನ್ನು ಕಂಕುಳಲ್ಲಿಟ್ಟುಕೊಂಡು, ಧರೆಪ್ಪನ ಮುಂದೆ ಹಾದುಹೋಗುವಾಗ ನಿಂತಳು.

"ಬರ್ರಿ. ಮುಂಜಾನಿಂದ ಆ ಕಡೇನ ನೋಡಾಕತ್ತೀರಿ. ನೋಡೇ ಬಿಡ್ರಿ."

ಅವನು ಹಿಂದೆ ಹೋದ. ಹಿತ್ತಲಿನಲ್ಲಿ ಆಡಿನ ದೊಡ್ಡಿ, ಒಂದು ನುಗ್ಗೆಯ ಮರ, ಒಂದು ಸಾಲು ಬದನೆ. ಸೇವಂತಿಗೆಯ ಒಂದು ಎಲೆಯೂ ಇರಲಿಲ್ಲ. ಧರೆಪ್ಪನ ಎದೆಯಿಂದ ಉಸಿರು ತಾನಾಗಿ ಹೊರಬಿತ್ತು. ಸೋಗೆ ಹರಡುತ್ತಿದ್ದ ತಾರವ್ವ ಅದನ್ನು ಕೇಳಿಸಿಕೊಂಡಳು.

"ಶಾವಂತಿಗಿ ಹುಡಕತಿದ್ರಿ, ಹೌದಲ್ರಿ? ಹನ್ನೊಂದ ವರ್ಷ ಆತು. ಅವತ್ತ ಇದ್ದ ಮರಿ ಎಲ್ಲಾ ಕಿತ್ತ ಈ ಆಡಿನ ಅಜ್ಜಿಗೆ ಹಾಕಿದ್ರು."

"ಯಾರು?"

"ಯಾರಂದ್ರ? ನಮ್ಮ ಮನಿಯವ್ರು." ಅವಳು ಬಾಗಿದಲ್ಲಿಂದಲೇ ಹೇಳಿದಳು. "ಆಗ ನಮ್ಮದೊಂದ ಹೋತ ಇತ್ತು. ತಾಯಿ ಸತ್ತದ್ದು, ಕೈ ಹಾಲಿನಾಗ ಬೆಳದದ್ದು. ಅವರ ಹಿಂದಿಂದನ ತಿರಗತಿತ್ತು. ಪ್ರದರ್ಶನದ ಹಿಂದಿನ ದಿನಾ ಕುಂಡಾ ಇಟ್ಟ ಸಾಲಿಗೂ ಬೆನ್ನ ಹತ್ತಿತ್ತು. ಇವರು ಝಾರಿ ತುಂಬಾಕ ಹೋಗಿ ಬರೂದ್ರಾಗ ನಿಮ್ಮ ಹೂ ತಿಂದ, ಬಾಯಿ ಆಡಸ್ಕೋತ ನಿಂತಿತ್ತು. ಅಳಕೋತ ಮನಿಗಿ ಬಂದ್ರು. ಸಾವ್ಕಾರ್ರ ಹೂ ಹೋತು, ಊರಾಗ ಹೆಂಗ ಮಾರಿ ತೋರಸ್ಲಿ ಅಂದ್ರು. ಹಿತ್ತಲದಾಗ ಒಂದ ಗಿಡಾ ಇತ್ತು. ಕುರಿ ತಗೊಂಡ ಕೊಲ್ಲಾಪುರದ ಕಡೆ ಹೋದಾಗ ಯಾವದೋ ಬಾಂವಿ ದಂಡ್ಯಾಗ ಒಗದಿದ್ದನ್ನ ತಂದದ್ದು. ಹಿಕ್ಕಿ ಗೊಬ್ಬರಾ ಹಾಕಿ ಐದ ವರ್ಷ ಬೆಳಸಿದ್ರು. ಅದನ್ನ ಮಣ್ಣ ಸಮೇತ ಎತ್ತಿ ನಿಮ್ಮ ಕುಂಡದಾಗ ಇಟ್ಟ ಬಂದ್ರು."

"ಒಂದ ಮರಿ ಸೈತ ಉಳಸಲಿಲ್ಲ?"

"ಉಳಸಿದ್ರ? ನಿಮ್ಮ ಕುಂಡದಾಗೂ ಅದ ಹೂ, ನಮ್ಮ ಹಿತ್ತಲದಾಗೂ ಅದ ಹೂ. ಮಂದಿಗೆ ಕಣ್ಣ ಇಲ್ಲೇನ್ರಿ? ಸಾವ್ಕಾರ್ರು ಗೊತ್ತಿದ್ದೂ ನನ್ನ ಹೆಸರ ಎತ್ತಲಿಲ್ಲ, ನನ್ನ ಮಾನಾ ಕಾದ್ರು, ನಾ ಅವರ ಮಾನಾ ಕಾಯಬೇಕ ಅಂದ್ರು. ಆಮ್ಯಾಲ ನಿಮ್ಮ ಕುಂಡಾ ಮುಟ್ಟಲಿಲ್ಲ. ಕೈ ಹತ್ತಿದ್ರ ಆಸೆ ಹುಟ್ಟತೈತಿ ಅಂತಿದ್ರು. ದೂರದಿಂದ ಗೇಣ ಹಾಕಿ ಬಂದ, ಈ ಸಲ ಇಷ್ಟ ಅರಳೈತಿ ಅಂತ ನನಗ ಕೈ ಮಾಡಿ ತೋರಸತಿದ್ರು."

ಅವಳು ನೆಟ್ಟಗೆ ನಿಂತು, ಸೆರಗಿನಿಂದ ಕೈ ಒರೆಸಿಕೊಂಡು, ಮೊದಲ ಬಾರಿಗೆ ಅವನ ಮುಖ ನೋಡಿದಳು.

"ನಂಗ ಮಾತ್ರ ಒಂದ ಸಂಶೆ ಇತ್ರಿ. ಕೇಳತೇನಿ. ನಿಮಗ ಖರೇನ ಗೊತ್ತಿತ್ತು?"

ಬಚ್ಚಲಿನ ಕಡೆಯಿಂದ ನೀರು ಸುರಿಯುವ ಸಪ್ಪಳ ಬರುತ್ತಿತ್ತು. ಇಲ್ಲವೆಂದರೆ ಢಾಲು ತನ್ನದೇ ಆಗಿ ಉಳಿಯುತ್ತದೆ. ಹೌದೆಂದರೆ ಸತ್ತವನು ನಂಬಿದ್ದ ದೊಡ್ಡ ಮನುಷ್ಯನಾಗಿಯೂ ಉಳಿಯಬಹುದು. ಎರಡರ ನಡುವೆ ನಿಂತ ಧರೆಪ್ಪ ನೆಲ ನೋಡಿದ.

"ಗೊತ್ತಿತ್ತು."

"ಏನ ಗೊತ್ತಿತ್ತು? ಹೋತ ತಿಂದಿದ್ದೋ, ಹೂ ನಿಮ್ಮದಲ್ಲ ಅನ್ನೂದೋ?"

"ಹೋತದ ಸುದ್ದಿ ಈಗ ಕೇಳಾಕತ್ತೇನಿ, ತಂಗೀ."

ತಾರವ್ವ ದೊಡ್ಡಿಯ ಕಡೆಗೆ ತಿರುಗಿದಳು. ಆಮೇಲೆ ಅಂದಳು: "ಹಂಗಾರ ಹನ್ನೊಂದ ವರ್ಷ ಅವರು ಸುಳ್ಳೇ ಕೈ ಮುಗದ್ರು."

ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಒಂದ ಮಾಡ್ರಿ. ಮಣ್ಣ ಆಗೂತನಕಾ ಇದನ್ನ ಯಾರ ಮುಂದೂ ಅನ್ನಬ್ಯಾಡ್ರಿ. ಅವರ ಕಿವಿಗೆ ಬೀಳೂದ ಬ್ಯಾಡ."

ಅವಳು ತಡಿಕೆ ಸರಿಸಿ ಅಂಗಳಕ್ಕೆ ಹೋದಳು.

* * *

ಮುಂದೆ ನಡೆದುದನ್ನು ಹಾರೂಗೇರಿಯವರು ಒಂದು ಬಗೆಯಾಗಿ, ದಿಗ್ಗೇವಾಡಿಯ ಬೀಗರು ಇನ್ನೊಂದು ಬಗೆಯಾಗಿ ಹೇಳುತ್ತಾರೆ. ಧರೆಪ್ಪ ಮನೆಗೆ ಓಡಿದ ಎನ್ನುವವರಿದ್ದಾರೆ; ಇಲ್ಲ, ಸಾವಕಾಶ ನಡೆದ, ಎರಡು ಸಲ ತಿರುಗಿ ನೋಡಿದ ಎನ್ನುವವರೂ ಇದ್ದಾರೆ. ಹೆಣ ಕುಣಿಯ ಬಳಿಗೆ ಬರುವಷ್ಟರಲ್ಲಿ ಅವನು ಚಕ್ಕಡಿಯಲ್ಲಿ ಕುಂಡವನ್ನಿಟ್ಟುಕೊಂಡು, ಅದು ಅಲುಗದಂತೆ ಎರಡೂ ಕೈಯಿಂದ ಅಪ್ಪಿ ಹಿಡಿದು, ಕಾಲುವೆಯ ದಂಡೆಗೆ ಬಂದಿದ್ದನೆಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

"ಛಲೋ ಆತು," ಎಂದರು ಕಾಕಾಸಾಹೇಬರು. "ಇಲ್ಲಿಂದ ಹಂಗ ಸಾಲಿಗಿ ಹೋಗೂಣು. ಇನ್ನೂ ಐದ ಆಗಿಲ್ಲ."

ಜನ ಕುಣಿಯನ್ನು ಬಿಟ್ಟು ಹೂವಿನ ಕಡೆಗೆ ಕತ್ತು ತಿರುಗಿಸಿದರು. ಅಷ್ಟು ದೊಡ್ಡ ಸೇವಂತಿಗೆಯನ್ನು ಇಷ್ಟು ಹತ್ತಿರದಿಂದ, ಹಗ್ಗದ ಆಚೆ ನಿಲ್ಲದೆ, ಯಾರೂ ನೋಡಿರಲಿಲ್ಲ. ಧರೆಪ್ಪ ಕುಡುಗೋಲು ತೆಗೆದು, ಹೂವನ್ನು ತೊಟ್ಟಿನ ಸಮೇತ ಕೊಯ್ದ. ಕಾಕಾಸಾಹೇಬರ ಬಾಯಿಂದ ಒಂದು ಸಣ್ಣ ಕೂಗು ಹೊರಟಿತು. ಕುಣಿಗೆ ಇಳಿದಿದ್ದ ಹಾಲಸಿದ್ದನ ಕೈಗೆ ಹೂ ಕೊಟ್ಟು ಧರೆಪ್ಪ ಅಂದ: "ಎದಿ ಮ್ಯಾಲ ಇಡು."

ಹಾಲಸಿದ್ದ ಹೂವನ್ನೂ ಅವನನ್ನೂ ನೋಡಿ, ಇಟ್ಟ.

ಮಣ್ಣು ಬಿತ್ತು. ಪ್ರತಿಯೊಬ್ಬರೂ ಹಿಡಿ ಹಿಡಿ ಹಾಕಿದರು. ಸಲಿಕೆಯವರು ಉಳಿದುದನ್ನು ಎಳೆದರು. ಗುಪ್ಪೆಯ ಮೇಲೆ ನೀರು ಚಿಮುಕಿಸಿ, ಭಂಡಾರ ಎರಚಿ, ಕಲ್ಲು ಇಡುವ ತನಕ ಧರೆಪ್ಪ ತುಟಿ ಬಿಚ್ಚಲಿಲ್ಲ. ಆಮೇಲೆ ಕುಂಡವನ್ನು ಮಗ್ಗುಲಾಗಿ ಮಲಗಿಸಿ ಕುಡುಗೋಲಿನ ಹಿಂಬದಿಯಿಂದ ಒಡೆದ.

"ಎಲ್ಲಾರೂ ಕೇಳ್ರಿ. ಈ ಹೂ ನಂದಲ್ಲ. ಜಕ್ಕಪ್ಪಂದು. ಮೊದಲನೇ ಢಾಲ ತಗೊಂಡ ದಿನಾನ ನಂಗ ಗೊತ್ತಿತ್ತು. ಗೊತ್ತಿದ್ದ ತಗೊಂಡೆ. ಆಮ್ಯಾಲ ಹತ್ತ ವರ್ಷ ಅದರ ಮರೀನ ಬೆಳಸಿ ತಗೊಂಡೆ. ಢಾಲ ನಾಳೆ ಮುಂಜಾನೆ ಕಾಕಾಸಾಹೇಬರ ಮನಿಗಿ ಬರತೈತಿ."

ಒಬ್ಬ ಕೆಮ್ಮಿದ.

"ಬಿಸಲ ಹತ್ತೈತೇನೋ," ಎಂದ ಇನ್ನೊಬ್ಬ, ಪಕ್ಕದವನಿಗೆ.

"ಗಿಡಕ್ಕ ರೋಗ ಬಿದ್ದಿರಬೇಕ," ಎಂದ ಮತ್ತೊಬ್ಬ. "ಈ ಸಲ ಢಾಲ ಬರೂದಿಲ್ಲ ಅನ್ನೂದ ಗೊತ್ತಾಗೈತಿ. ಅದಕ್ಕ ದೊಡ್ಡ ಮನಷ್ಯಾ ಆಗಾಕತ್ತಾನ."

ಧರೆಪ್ಪ ನೆಲಕ್ಕೆ ಕುಳಿತು, ಬೇರಿನ ಗಡ್ಡೆಯನ್ನು ಬೆರಳಿನಿಂದ ಬಿಡಿಸತೊಡಗಿದ. ಬುಡದಲ್ಲಿ ಹದಿನಾಲ್ಕು ಮರಿಗಳಿದ್ದವು. ಒಂದೊಂದನ್ನೇ ಬೇರು ಹರಿಯದಂತೆ ಬೇರ್ಪಡಿಸಿ, ಕೈ ಚಾಚಿದ. ಮೊದಲು ಯಾರೂ ತೆಗೆದುಕೊಳ್ಳಲಿಲ್ಲ. ಕಾಕಾಸಾಹೇಬರು, ಇಷ್ಟು ವರ್ಷ ಬೇಡಿದವರೇ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಧರೆಪ್ಪಣ್ಣಾ, ಆದ್ರ ಇದನ್ನ ಇವತ್ತ ಯಾಕ ಕೊಡಾಕತ್ತೀರಿ?"

"ನೆಡಾಕ ಇದ ಹದ ಐತಿ."

ಕಡೆಗೆ ಒಬ್ಬ ತೆಗೆದುಕೊಂಡ. ಅವನನ್ನು ನೋಡಿ ಇನ್ನೊಬ್ಬ. ಕೆಲವರು ಎರಡು ಬೆರಳಿನಲ್ಲಿ, ಚೇಳು ಹಿಡಿದಂತೆ ಹಿಡಿದುಕೊಂಡರು. ಕೊನೆಯದು, ಎಲ್ಲಕ್ಕಿಂತ ಪುಷ್ಟವಾದದ್ದು, ಹಾಲಸಿದ್ದನ ಪಾಲಿಗೆ ಬಂತು.

"ತಾರವ್ವಗ ಕೊಡು."

"ಎಂಟ ಗುಂಟೆ ನಾವು ಮಾರೂದಿಲ್ರಿ, ಸಾವ್ಕಾರ್ರ," ಎಂದ ಹಾಲಸಿದ್ದ. "ಈಗ ಹೇಳಿರತೇನಿ."

"ಮಾರಬ್ಯಾಡ್ರಿ. ನೆಡ್ರಿ."

ಜನ ಚದುರಿದರು. ಧರೆಪ್ಪ ಒಡೆದ ಕುಂಡದ ಚೂರುಗಳ ನಡುವೆ ಕುಳಿತೇ ಇದ್ದ. ಅಲ್ಲಿಂದ ಅವನಿಗೆ ಕಾಲುವೆಯ ಮೆಟ್ಟಿಲು ಕಾಣುತ್ತಿತ್ತು. ಹಾಲಸಿದ್ದ ಅಲ್ಲಿಗೆ ಇಳಿದು, ನೀರಿನಲ್ಲಿ ಮರಿಯ ಬೇರನ್ನು ಅದ್ದಿ, ಅಂಟಿದ್ದ ಮಣ್ಣೆಲ್ಲ ಹೋಗುವ ಹಾಗೆ ತಿಕ್ಕಿ ತೊಳೆದ. ರೋಗವಿದೆಯೇ ಎಂದು ಬಿಸಿಲಿಗೆ ಎತ್ತಿ ಹಿಡಿದು ಎಳೆ ಎಳೆಯಾಗಿ ನೋಡಿದ. ಮೂಗಿಗೆ ಹಿಡಿದು ಮೂಸಿದ. ಒಂದು ಎಳೆಯನ್ನು ಚಿವುಟಿ, ಹಲ್ಲಿನಲ್ಲಿ ಕಚ್ಚಿ, ಉಗುಳಿದ. ಮೆಟ್ಟಿಲ ಮೇಲೆ ಕುಳಿತ. ಆಮೇಲೆ ತಲೆಯ ರುಮಾಲನ್ನು ಬಿಚ್ಚಿ ನೀರಿನಲ್ಲಿ ನೆನೆಸಿ ಹಿಂಡಿ, ಮರಿಯನ್ನು ಅದರಲ್ಲಿ ಸುತ್ತಿ, ದಂಡೆಯ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನೋಡಿ, ಅಂಗಿಯ ಗುಂಡಿ ತೆಗೆದು ಎದೆಯೊಳಗೆ ಇಟ್ಟುಕೊಂಡು, ತಾರವ್ವನ ಮನೆಯ ದಾರಿ ಹಿಡಿದ.